ಅರಿವು ಕೇಂದ್ರದಲ್ಲಿ ಜಾತಿ: ಜಗಳೂರು ಸೀಮೆಯ ಪರಿಶೀಲನೆ ಎಲ್ಲಿಗೆ ಬಂತು

ಜಗಳೂರು ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ (ಈಗಿನ ಹೆಸರು ಅರಿವು ಕೇಂದ್ರ) ಯಾವ ಜಾತಿಯವರಿಗೆ ಸೇವೆ ಸಿಗುತ್ತಿದೆ, ಯಾರಿಗೆ ಸಿಗುತ್ತಿಲ್ಲ ಎಂದು ನೋಡಲು ನಡೆದಿರುವ ಪರಿಶೀಲನೆಯ ಎರಡನೇ ಹಂತದ ಟಿಪ್ಪಣಿ ಇದು. ಊರಿನ ಹೆಸರು ಬರೆಯುತ್ತಿಲ್ಲ. ಪಂಚಾಯಿತಿ ವ್ಯಾಪ್ತಿಯಲ್ಲಿ ಊರೊಳಗಿನ ಕೇರಿಗಳ ಜೊತೆಗೆ ಒಂದು ಎ.ಕೆ. (ಆದಿ ಕರ್ನಾಟಕ) ಕಾಲೊನಿ ಎಂಬ ದಲಿತ ಕೇರಿ, ಕಾಡುಗೊಲ್ಲರ ಒಂದು ಗೊಲ್ಲರಹಟ್ಟಿ, ಲಂಬಾಣಿಗರ ಒಂದು ತಾಂಡಾ ಇವೆ. ಗ್ರಂಥಾಲಯ ದೇವಸ್ಥಾನದ ಎದುರಿಗಿದೆ.

‘ಇಲ್ಲಿ ಯಾರಿಗೂ ಬರಬೇಡಿ ಅಂದಿಲ್ಲ’ ಎಂಬ ಮಾತು ಎಲ್ಲ ಗ್ರಂಥಾಲಯಗಳಲ್ಲೂ ಸಿಗುತ್ತದೆ, ಬಹುಪಾಲು ನಿಜವೂ ಹೌದು. ಹಾಗಾಗಿ ಮೇಲ್ವಿಚಾರಕರ ಮನಸ್ಸು ಅಳೆಯುವ ಗೋಜಿಗೆ ಹೋಗಿಲ್ಲ. ಬ್ರಿಟನ್ನಿನಲ್ಲಿ ಸ್ಟೀಫನ್ ಲಾರೆನ್ಸ್ ಕೊಲೆಯ ತನಿಖೆ ಕುರಿತು 1999ರಲ್ಲಿ ಬಂದ ಮ್ಯಾಕ್‌ಫರ್ಸನ್ ವರದಿಯೂ ಸಾಂಸ್ಥಿಕ ಜನಾಂಗಭೇದವನ್ನು, ಬಣ್ಣ, ಸಂಸ್ಕೃತಿ, ಜನಾಂಗ ಮೂಲದ ಕಾರಣಕ್ಕೆ ಜನರಿಗೆ ತಕ್ಕ ಸೇವೆ ಕೊಡುವಲ್ಲಿ ಇಡೀ ಸಂಸ್ಥೆ ಸೋಲುವುದು ಎಂದು ವಿವರಿಸಿತ್ತು. ಬಣ್ಣದ ಜಾಗದಲ್ಲಿ ಇಲ್ಲಿ ಜಾತಿ ಇದೆ.

ಸದಸ್ಯರ ಪುಸ್ತಕ, ಎರವಲು ಪುಸ್ತಕ

ಈ ಭಾಗ ಮುಗಿದಿದೆ, ಹೆಚ್ಚು ಹೊತ್ತು ಹಿಡಿದದ್ದೂ ಇದೇ. ಸದಸ್ಯರ ಹೆಸರಿನ ಪಟ್ಟಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಬೇಡಿ. ವೈಯಕ್ತಿಕ ಮಾಹಿತಿ ಎಂದು ಸೆಕ್ಷನ್ 8(1)(ಜೆ) ತೋರಿಸಿ ತಿರಸ್ಕರಿಸುತ್ತಾರೆ. ‘ಪರಿಶಿಷ್ಟ ಸದಸ್ಯರೆಷ್ಟು’ ಎಂದರೆ ‘ಆ ರೂಪದಲ್ಲಿ ಮಾಹಿತಿ ಇಲ್ಲ’ ಎಂಬ ಉತ್ತರ ಬರುತ್ತದೆ, ಏಕೆಂದರೆ ಪುಸ್ತಕದಲ್ಲಿ ಜಾತಿಯ ಕಾಲಂ ಇಲ್ಲ. 10 ರೂಪಾಯಿಯ ಅರ್ಜಿಯನ್ನು ವೇಳಾಪಟ್ಟಿಯ ಆದೇಶ, ದಾಸ್ತಾನು ಪುಸ್ತಕ, ಖರೀದಿ ಪಟ್ಟಿಗಳಿಗೆ ಉಳಿಸಿಕೊಳ್ಳಿ. ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ.

ಸದಸ್ಯರ ಲೆಕ್ಕಕ್ಕೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಒಪ್ಪಿಗೆ ಪಡೆದು, ಮೇಲ್ವಿಚಾರಕರ ಜೊತೆ ಗ್ರಂಥಾಲಯದಲ್ಲೇ ಕೂತು ಯಾವ ಕೇರಿಯಿಂದ ಎಷ್ಟು ಸದಸ್ಯರು ಎಂದು ಕೇರಿವಾರು ಗೀಟು ಹಾಕಿ ಎಣಿಸುವುದೇ ಸರಿ. ಹೆಸರು ಆ ಕೋಣೆ ದಾಟಬಾರದು. ಹೆಸರು ನೋಡಿ ಜಾತಿ ಊಹಿಸುವುದಂತೂ ಬೇಡವೇ ಬೇಡ. ವಿಳಾಸದ ಕಾಲಂನಲ್ಲಿ ಬರೀ ಊರಿನ ಹೆಸರಿದ್ದರೆ ಮತದಾರರ ಪಟ್ಟಿ ನೆರವಿಗೆ ಬರುತ್ತದೆ: ಅದರ ಪ್ರತಿ ಭಾಗದೊಳಗಿನ ವಿಭಾಗಗಳಿಗೆ ಕಾಲೊನಿ, ಹಟ್ಟಿಗಳ ಹೆಸರಿರುವುದುಂಟು, ಮನೆ ಸಂಖ್ಯೆಯೂ ಇರುತ್ತದೆ. ಮಕ್ಕಳನ್ನು ತಂದೆ ತಾಯಿಯ ಹೆಸರಿನಿಂದ ಹಿಡಿಯಬೇಕು.

ಎರಡು ಕಡೆ ಲೆಕ್ಕ ದಾರಿ ತಪ್ಪಿಸುತ್ತದೆ. 2020ರ ‘ಓದುವ ಬೆಳಕು’ ಅಭಿಯಾನದಲ್ಲಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತವಾಯಿತು. ಶಾಲೆಯಿಂದ ಹಾಜರಿ ಪಟ್ಟಿ ತಂದು ಒಟ್ಟಿಗೆ ನೋಂದಾಯಿಸಿದ ಕಡೆ ಕಾಲೊನಿಯ ಎಲ್ಲ ಮಕ್ಕಳೂ ಸದಸ್ಯರೇ, ಪುಸ್ತಕ ಒಯ್ದವರು ಮಾತ್ರ ಕಾಣುವುದಿಲ್ಲ. ಆದ್ದರಿಂದ ಕಾರ್ಡು ಬಿಟ್ಟು 12 ತಿಂಗಳ ಎರವಲು ಎಣಿಸಿ, ಮಕ್ಕಳನ್ನೂ ದೊಡ್ಡವರನ್ನೂ ಬೇರೆ ಬೇರೆ ಬರೆಯಿರಿ. ದೊಡ್ಡವರಿಗೆ ಠೇವಣಿ, ಜಾಮೀನು ಸಹಿ ಕೇಳುತ್ತಾರೆಯೇ, ಆ ಸಹಿ ಹಾಕುವ ಅರ್ಹತೆ ಊರಲ್ಲಿ ಯಾರಿಗಿದೆ ಎಂಬುದನ್ನೂ ಬರೆದುಕೊಳ್ಳಿ.

ಇನ್ನೊಂದು ತೊಡಕು ಜನಗಣತಿಯದ್ದು. 2011ರ ಗಣತಿಯಲ್ಲಿ ಹಳ್ಳಿವಾರು ಪರಿಶಿಷ್ಟ ಜಾತಿ, ಪಂಗಡದ ಸಂಖ್ಯೆ ಸಿಗುತ್ತದೆ. ಆದರೆ ನಮ್ಮ ಕಡೆ ಪರಿಶಿಷ್ಟ ಜಾತಿ ಅಂದರೆ ಮಾದಿಗರು, ಛಲವಾದಿಗಳ ಜೊತೆಗೆ ಲಂಬಾಣಿ, ಭೋವಿಗಳೂ ಸೇರುತ್ತಾರೆ. ತಾಂಡಾದ ಹುಡುಗರು ಚೆನ್ನಾಗಿ ಬಂದರೆ ಒಟ್ಟು ಶೇಕಡಾವಾರು ಸರಿಯಾಗಿಯೇ ಕಾಣುತ್ತದೆ, ಎ.ಕೆ. ಕಾಲೊನಿ ಸೊನ್ನೆ ಇದ್ದರೂ. ಕಾಡುಗೊಲ್ಲರು ಎರಡೂ ಪಟ್ಟಿಯಲ್ಲಿಲ್ಲ, ಹಾಗಾಗಿ ಹಟ್ಟಿ ಲೆಕ್ಕಕ್ಕೇ ಬರುವುದಿಲ್ಲ. ಕೇರಿವಾರು ಗೀಟು ಬೇಕು ಎಂದು ಹಟ ಹಿಡಿದದ್ದು ಇದಕ್ಕೇ.

ಕೂರುವ ಜಾಗ, ನೀರು

ಕೋಣೆಯ ನಕ್ಷೆ ಬರೆದು ಕುರ್ಚಿ, ಬೆಂಚು, ಚಾಪೆ ಗುರುತಿಸಿ, ಅರ್ಧ ಗಂಟೆಗೊಮ್ಮೆ ಯಾವ ಜಾಗ ತುಂಬಿದೆ ಎಂದು ಚುಕ್ಕೆ ಇಡುವುದು. ಸಂತೆಯ ದಿನ ಸೇರಿ ಒಂದು ಪೂರ್ತಿ ವಾರ ಬೇಕು. ಪತ್ರಿಕೆಯನ್ನು ಒಳಗೆ ಕೂತು ಓದುವವರು ಯಾರು, ಹೊಸ್ತಿಲಲ್ಲಿ ನಿಂತೇ ಓದುವವರು ಯಾರು ಎಂಬುದಕ್ಕೆ ಬೇರೆ ಗುರುತು. ಕೂಲಿಯವರು ಹೊಲದಿಂದ ಮರಳುವ ಹೊತ್ತಿಗೆ ಬಾಗಿಲು ಹಾಕಿದ್ದರೆ ನಕ್ಷೆ ಎಷ್ಟೇ ಚೆನ್ನಾಗಿ ಬಂದರೂ ಅವರು ಅದರಲ್ಲಿ ಇರುವುದಿಲ್ಲ. ಆ ಕೊರತೆಯನ್ನು ನಕ್ಷೆಯ ಕೆಳಗೇ ಬರೆಯಬೇಕು.

ನೀರಿನ ಲೋಟದ ತಕರಾರಿಗೆ ಪೇಪರ್ ಲೋಟ ತಂದಿಡುವ ಸಲಹೆ ಬಂದಿತ್ತು. ಬೇಡ ಎಂಬುದೇ ನಮ್ಮ ಅಭಿಪ್ರಾಯ. ಹಳ್ಳಿ ಹೋಟೆಲುಗಳಲ್ಲಿ ದಲಿತರಿಗೆ ಬೇರೆ ಲೋಟ ಇಡುವ ಎರಡು ಲೋಟದ ಪದ್ಧತಿ ಕಣ್ಣಿಗೆ ಬೀಳದಂತಾದದ್ದು ಇದೇ ದಾರಿಯಲ್ಲಿ. ನಾಲ್ಕು ಸ್ಟೀಲ್ ಲೋಟ, ಒಂದೇ ತಟ್ಟೆ, ಎಲ್ಲರಿಗೂ ಅವೇ. ಪರಿಶಿಷ್ಟ ಜಾತಿ, ಪಂಗಡದವರು ಸಾರ್ವಜನಿಕ ಜಾಗಕ್ಕೆ ಬರುವುದನ್ನು, ಅಲ್ಲಿ ಎಲ್ಲರಿಗಾಗಿ ಇಟ್ಟ ಪಾತ್ರೆ ಬಳಸುವುದನ್ನು ಪರಿಶಿಷ್ಟರಲ್ಲದವರು ತಡೆದರೆ ಅದು 1989ರ ದೌರ್ಜನ್ಯ ತಡೆ ಕಾಯ್ದೆಯ 3(1)(ಜೆಡ್ಎ) ಅಡಿ ಅಪರಾಧ. ಆ ಸಾಲನ್ನು ಗೋಡೆಗೆ ಅಂಟಿಸಲಾಗಿದೆ.

ಬೀರು

ಅಂಬೇಡ್ಕರ್ ಸಂಪುಟಗಳು ಪರಾಮರ್ಶನದ ಬೀರುವಿನಲ್ಲಿ, ಬೀಗದೊಳಗೆ. ಸೆಟ್ ಒಡೆಯಬಾರದೆಂಬ ಕಾರಣಕ್ಕೆ ಮನೆಗೆ ಕೊಡುವುದಿಲ್ಲ. ಬಿಡಿ ಪ್ರತಿ ತರಿಸಿ ಎರವಲಿಗೆ ಇಡಬೇಕೆಂದು ಪಂಚಾಯಿತಿಗೆ ಬರೆದುಕೊಟ್ಟಿದೆ, ಉತ್ತರ ಬಂದಿಲ್ಲ.

ದಲಿತ ಲೇಖಕರ ಕವನ, ಕಥೆ, ಆತ್ಮಕಥೆ ಎಲ್ಲವನ್ನೂ ಒಂದೇ ‘ದಲಿತ ಸಾಹಿತ್ಯ’ ಕಪಾಟಿಗೆ ತುಂಬಿದ್ದನ್ನು ಬಿಚ್ಚಿ ಆಯಾ ಪ್ರಕಾರದ ಪುಸ್ತಕಗಳ ಜೊತೆ ಸೇರಿಸುವ ಕೆಲಸ ಅರ್ಧ ಆಗಿದೆ. ಗ್ರಂಥಾಲಯಗಳು ಪುಸ್ತಕಗಳನ್ನು ವಿಷಯವಾರು ಜೋಡಿಸುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಕವಿತೆಗೆ ಸಂಖ್ಯೆ 894.8141, ಕಥೆ ಕಾದಂಬರಿಗೆ 894.8143, ಬರೆದವರು ಯಾರೇ ಇರಲಿ ಸಂಖ್ಯೆ ಅದೇ. ಅಮೆರಿಕದ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಗ್ರಂಥಪಾಲಕಿ ಡೊರೊಥಿ ಪೋರ್ಟರ್ ಎದುರಿಸಿದ್ದೂ ಇದೇ ಕಾಟ. ಆಗಿನ ಗ್ರಂಥಾಲಯಗಳು ಕಪ್ಪು ಜನರ ಪುಸ್ತಕಗಳನ್ನು ವಸಾಹತಿನ 325, ಗುಲಾಮಗಿರಿಯ 326ರಲ್ಲಿ ತುರುಕುತ್ತಿದ್ದವು, ಕವಿತೆಯಾದರೂ ಸರಿ. ಪೋರ್ಟರ್ ಅವನ್ನು ಪ್ರಕಾರವಾರು ಜೋಡಿಸಿದರು. ಕಪಾಟು ಒಡೆದರೆ ದಲಿತ ಬರಹ ಹುಡುಕುವವರಿಗೆ ಕಷ್ಟ ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆ ಲೇಖಕರ ಪಟ್ಟಿಯೊಂದನ್ನು ಮುದ್ರಿಸಿ ಬಾಗಿಲ ಬಳಿ ತೂಗುಹಾಕುವುದು ಸಾಕು.

ಪುಸ್ತಕ ಪೆಟ್ಟಿಗೆ, ಮುಂದಿನ ಕೆಲಸ

ತಾಂಡಾಕ್ಕೂ ಹಟ್ಟಿಗೂ ಒಂದೊಂದು ತಗಡಿನ ಟ್ರಂಕು, 40 ಪುಸ್ತಕ, 15 ದಿನಕ್ಕೊಮ್ಮೆ ಬದಲು. ಇದಕ್ಕಿಂತ ಹೆಚ್ಚಾದರೆ ಬೈಕಿನಲ್ಲಿ ಒಯ್ಯುವುದು ಕಷ್ಟ. ಎ.ಕೆ. ಕಾಲೊನಿಗೆ ಪೆಟ್ಟಿಗೆ ಕಳಿಸುತ್ತಿಲ್ಲ, ಬೇಕೆಂದೇ. ಗ್ರಂಥಾಲಯ ಅಲ್ಲಿಂದ ನಡೆದು ಬರುವಷ್ಟೇ ದೂರ. ಪೆಟ್ಟಿಗೆ ಕಳಿಸಿದರೆ ‘ನಿಮ್ಮದು ಅಲ್ಲೇ ಇದೆಯಲ್ಲ’ ಎಂಬ ಮಾತಿಗೆ ದಾರಿಯಾಗುತ್ತದೆ. ಪೆಟ್ಟಿಗೆಯ ಎರವಲೂ ಮುಖ್ಯ ಪುಸ್ತಕದಲ್ಲೇ, ಅದೇ ಸದಸ್ಯ ಸಂಖ್ಯೆಯಲ್ಲೇ ದಾಖಲಾಗಬೇಕು.

ಬಾಕಿ ಇರುವುದು ಬಾಗಿಲು ತೆರೆಯುವ ಹೊತ್ತು ಬದಲಿಸುವ ಠರಾವು. ಗ್ರಾಮ ಸಭೆಯಲ್ಲಿ ಮನೆ, ರಸ್ತೆ, ಚರಂಡಿಯ ಗದ್ದಲದಲ್ಲಿ ಇದು ಮುಳುಗುತ್ತದೆ. ಕೇರಿವಾರು ಲೆಕ್ಕದ ಹಾಳೆಯನ್ನು ಮೊದಲು ಕಾಲೊನಿಯ ವಾರ್ಡ್ ಸಭೆಯಲ್ಲಿ ಓದಿ, ನಡಾವಳಿಯಲ್ಲಿ ಬರೆಸಿ, ಅದರ ಪ್ರತಿ ಹಿಡಿದು ಗ್ರಾಮ ಸಭೆಗೆ ಹೋಗುವುದೆಂದು ತೀರ್ಮಾನವಾಗಿದೆ.