ರೋಮಿನ ತೂತುಗಳು

ಕೊಲೋಸಿಯಂ ಎದುರು ನಿಂತು ಅಕ್ಕ ಕೇಳಿದ ಮೊದಲ ಪ್ರಶ್ನೆ: "ಇದಕ್ಕೆ ಇಷ್ಟೊಂದು ತೂತು ಯಾಕೋ? ಯುದ್ಧದಲ್ಲಿ ಗುಂಡು ಬಿದ್ದದ್ದೇ?"

ನಾನು ಅದುವರೆಗೆ ತೂತುಗಳನ್ನು ಗಮನಿಸಿಯೇ ಇರಲಿಲ್ಲ. ಚಿತ್ರಗಳಲ್ಲಿ ಕಣ್ಣಿಗೆ ಬೀಳುವುದು ಕಮಾನುಗಳು ಮಾತ್ರ. ಹತ್ತಿರ ಹೋದರೆ ಗೋಡೆಯ ಮೈತುಂಬ ಸಿಡುಬಿನ ಕಲೆಗಳಂತೆ ಗುಳಿಗಳು. ಅವೂ ಎಲ್ಲೆಂದರಲ್ಲಿ ಇಲ್ಲ, ಎರಡು ಕಲ್ಲು ಕೂಡುವ ಸಂದಿನಲ್ಲೇ ಹೆಚ್ಚು. ಅದರಲ್ಲೇ ಗುಟ್ಟಿದೆ. ಕ್ರಿ.ಶ. 80ರಲ್ಲಿ ಚಕ್ರವರ್ತಿ ಟೈಟಸ್ ಉದ್ಘಾಟಿಸಿದ ಈ ಕಟ್ಟಡದ ಹೊರಗೋಡೆಗೆ ಗಾರೆ ಹಾಕಿಲ್ಲ. ಟ್ರಾವರ್ಟೀನ್ ಕಲ್ಲುಗಳನ್ನು ಕಬ್ಬಿಣದ ಕೊಂಡಿಗಳಿಂದ ಬಿಗಿದಿದ್ದರು, ಸುಮಾರು 300 ಟನ್ ಕಬ್ಬಿಣ. ಸಾಮ್ರಾಜ್ಯ ಮುಗಿದು ಆಟಗಳು ನಿಂತ ಮೇಲೆ ಊರಿನವರಿಗೆ ಕಲ್ಲಿಗಿಂತ ಒಳಗಿನ ಕಬ್ಬಿಣವೇ ಬೇಕಾಯಿತು. ಸಂದು ಕೊರೆದರು, ಕೊಂಡಿ ಎಳೆದುಕೊಂಡರು. 1349ರ ಭೂಕಂಪದಲ್ಲಿ ದಕ್ಷಿಣದ ಹೊರಗೋಡೆ ಕುಸಿದಾಗ ಕಲ್ಲಿಗೂ ಗಿರಾಕಿಗಳು ಸಿಕ್ಕರು. ಅರಮನೆಗೆ, ಚರ್ಚಿಗೆ ಗಾಡಿಗಟ್ಟಲೆ ಹೋಯಿತು. ಐವತ್ತು ಸಾವಿರ ಜನ ಕೂತು ಸಾವನ್ನು ನೋಡುತ್ತಿದ್ದ ಜಾಗ ನೂರಾರು ವರ್ಷ ಕಲ್ಲುಗಣಿಯಾಗಿತ್ತು.

ಒಳಗಿನ ವಿಷಯ ಹೆಚ್ಚು ಹೇಳುವುದಿಲ್ಲ. ಜನ, ಜನ, ಸೆಲ್ಫಿ ಕೋಲು, ಮತ್ತೆ ಜನ. ಪಕ್ಕದಲ್ಲಿ, ಹಳೆಯ ರೋಮಿನ ನಡುಚೌಕವಾದ ಫೋರಂನಲ್ಲಿ ನಡೆದದ್ದೂ ಅಷ್ಟೆ, ಅಕ್ಕನ ಮಂಡಿನೋವಿಗೆ ಆ ಹಾಸುಗಲ್ಲುಗಳು ಹೇಳಿ ಮಾಡಿಸಿದ ಶಿಕ್ಷೆ. ಮಧ್ಯಯುಗದ ನಂತರ ಈ ಜಾಗಕ್ಕೆ 'ದನದ ಬಯಲು' ಎಂಬ ಹೆಸರೇ ಬಿದ್ದಿತ್ತಂತೆ. ಸೆನೆಟ್ ಸೇರುತ್ತಿದ್ದ ಕಡೆ ಹಸುಗಳು ಮೇಯುತ್ತಿದ್ದವು ಎಂದು ಕೇಳಿ ಅಕ್ಕನಿಗೆ ಯಾಕೋ ಸಮಾಧಾನವಾಯಿತು.

ಎರಡನೆಯ ದಿನ ಮಳೆ. ನವೆಂಬರಿನಲ್ಲಿ ರೋಮಿಗೆ ಹೋದವರು ಮಳೆಯನ್ನು ದೂರಬಾರದು. ಮೊದಲ ಹನಿ ಬೀಳುವುದರೊಳಗೆ ಛತ್ರಿ ಮಾರುವವರು ಮೂಲೆಮೂಲೆಯಿಂದ ಎದ್ದು ಬಂದರು. ಬಾಂಗ್ಲಾದೇಶದ ಹುಡುಗನೊಬ್ಬನ ಜೊತೆ ಅಕ್ಕ ತನ್ನ ಹರಕು ಹಿಂದಿಯಲ್ಲಿ ಚೌಕಾಸಿ ಮಾಡಿ ಎರಡು ಯೂರೊ ಇಳಿಸಿದಳು. ಆ ಛತ್ರಿ ಹಿಡಿದು ಪುರಾತನ ದೇಗುಲ ಪ್ಯಾಂಥಿಯನ್‌ಗೆ ಹೋದೆವು, ಒಳಗೂ ಮಳೆ!

ಗುಮ್ಮಟದ ನಡುನೆತ್ತಿಯಲ್ಲಿ ಎಂಟೊಂಬತ್ತು ಮೀಟರ್ ಅಗಲದ ಬೆಳಕಿಂಡಿ. ಅದಕ್ಕೆ ಗಾಜಿಲ್ಲ, ಮುಚ್ಚಳವಿಲ್ಲ, ಇಡೀ ಕಟ್ಟಡಕ್ಕೆ ಬೇರೆ ಕಿಟಕಿಯೂ ಇಲ್ಲ. ಒಳಗಿನ ಬಿಸಿಗಾಳಿ ಮೇಲೇರಿ ಮಳೆಯನ್ನು ತಡೆಯುತ್ತದೆ ಎಂದು ಯಾರೋ ನಮಗೆ ಹೇಳಿದ್ದರು. ಶುದ್ಧ ಕಟ್ಟುಕಥೆ. ಮಳೆ ಒಂದು ಕಂಬದಂತೆ ನೇರವಾಗಿ ಇಳಿಯುತ್ತಿತ್ತು. ನಲವತ್ತಮೂರು ಮೀಟರ್ ಕೆಳಗೆ ಅಮೃತಶಿಲೆಯ ನೆಲಕ್ಕೆ ಬಡಿದು ಹನಿ ಪುಡಿಯಾಗುವ ಸದ್ದು ಗೋಡೆ ಸುತ್ತಿ ಬರುತ್ತಿತ್ತು. ನಡುಜಾಗಕ್ಕೆ ಹಗ್ಗ ಕಟ್ಟಿದ್ದರು. ಅದರ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ನೋಡಿದೆ. ನೆಲ ಕಂಡೂ ಕಾಣದಷ್ಟು ಉಬ್ಬಿದೆ. ನೀರು ಅಲ್ಲಿ ನಿಲ್ಲದೆ ತೆಳ್ಳಗೆ ಹರಡಿ, ಕಲ್ಲಿನಲ್ಲೇ ಕೊರೆದ ಸಣ್ಣ ಕಂಡಿಗಳನ್ನು ಹುಡುಕಿಕೊಂಡು ಹೋಗಿ ಒಂದೊಂದಾಗಿ ಇಳಿಯುತ್ತದೆ. ಅಂಥ ಕಂಡಿಗಳು 22.

"ಎಲ್ಲರ ಮನೆ ದೋಸೆ ತೂತಾದರೆ ಇವರ ಮನೆಯಲ್ಲಿ ಕಾವಲಿಯೂ ತೂತು," ಎಂದಳು ಅಕ್ಕ. ನಂತರ ಮೇಲೆ ನೋಡುತ್ತ, "ಅಜ್ಜಿಯ ತೊಟ್ಟಿಮನೆಯಲ್ಲಿ ಹೀಗೇ ಮಳೆ ನೋಡುತ್ತ ಕೂರುತ್ತಿದ್ದೆವಲ್ಲ," ಎಂದು ಸುಮ್ಮನಾದಳು.

ಈ ತೂತು ಕಳ್ಳರು ಮಾಡಿದ್ದಲ್ಲ, ಲೆಕ್ಕ ಹಾಕಿ ಬಿಟ್ಟದ್ದು. ಎರಡನೆಯ ಶತಮಾನದಲ್ಲಿ ಚಕ್ರವರ್ತಿ ಹೇಡ್ರಿಯನ್ ಕಾಲದಲ್ಲಿ ಮುಗಿದ ಈ ಗುಮ್ಮಟದಲ್ಲಿ ಕಬ್ಬಿಣದ ಸರಳಿಲ್ಲ, ಬರೀ ಕಾಂಕ್ರೀಟು. ಬುಡದಲ್ಲಿ ಆರು ಮೀಟರಿಗೂ ಹೆಚ್ಚು ದಪ್ಪ, ಕಿಂಡಿಯ ಬಳಿ ಒಂದೂಕಾಲು ಮೀಟರಿನಷ್ಟು. ಮೇಲೆ ಹೋದಂತೆ ಜಲ್ಲಿಯ ಬದಲು ಹಗುರವಾದ ಜ್ವಾಲಾಮುಖಿ ಕಲ್ಲು ಬೆರೆಸಿದ್ದಾರೆ. ಎಲ್ಲಕ್ಕಿಂತ ಭಾರವಾಗಬಹುದಾದ ನೆತ್ತಿಯನ್ನು ಕಟ್ಟದೆಯೇ ಬಿಟ್ಟಿದ್ದಾರೆ. ಸರಳಿಲ್ಲದ ಕಾಂಕ್ರೀಟ್ ಗುಮ್ಮಟಗಳಲ್ಲಿ ಇಂದಿಗೂ ಜಗತ್ತಿನಲ್ಲಿ ಇದೇ ದೊಡ್ಡದು. 609ರಲ್ಲಿ ಚರ್ಚ್ ಆದದ್ದರಿಂದ ಇದಕ್ಕೆ ಕೊಲೋಸಿಯಂನ ಗತಿ ಬರಲಿಲ್ಲ. ಹಾಗೆಂದು ಪೂರ್ತಿ ಉಳಿಯಿತು ಎನ್ನುವಂತೆಯೂ ಇಲ್ಲ. ಹದಿನೇಳನೆಯ ಶತಮಾನದಲ್ಲಿ ಬಾರ್ಬೆರಿನಿ ಮನೆತನದ ಪೋಪ್ ಎಂಟನೆಯ ಅರ್ಬನ್ ಮುಖಮಂಟಪದ ಕಂಚನ್ನು ಕಿತ್ತು ಫಿರಂಗಿಗಳಿಗೆ ಎರಕ ಹೊಯ್ಯಿಸಿದ. ಬರ್ಬರರು ಮಾಡದ್ದನ್ನು ಬಾರ್ಬೆರಿನಿಗಳು ಮಾಡಿದರು ಎಂದು ಊರು ಆಡಿಕೊಂಡಿತು. ಈ ಶ್ಲೇಷೆ ಕನ್ನಡಕ್ಕೂ ಹಾಗೇ ಒಗ್ಗುತ್ತದೆ.

ಹೊರಗೆ ಹಣೆಬರಹದಲ್ಲಿ ಮಾತ್ರ ಹೇಡ್ರಿಯನ್ ಹೆಸರಿಲ್ಲ, 'ಅಗ್ರಿಪ್ಪ ಕಟ್ಟಿಸಿದ್ದು' ಎಂದಿದೆ. ಸೇನಾಪತಿ ಅಗ್ರಿಪ್ಪ ಕಟ್ಟಿಸಿದ್ದು ಅದೇ ಜಾಗದ ಹಳೆಯ ಕಟ್ಟಡವನ್ನು. ಅದು ಹೋದ ಮೇಲೂ ಹೇಡ್ರಿಯನ್ ಅವನ ಹೆಸರನ್ನೇ ಉಳಿಸಿದ. ನಮ್ಮ ಕಾಲದಲ್ಲಿ ಬಸ್ ತಂಗುದಾಣಕ್ಕೂ ಕಟ್ಟಿಸಿದವರ ಫೋಟೊ ಬೇಕು.

ಅಗ್ರಿಪ್ಪ ಸಂಜೆ ಮತ್ತೆ ಸಿಕ್ಕಿದ, ಟ್ರೆವಿ ಕಾರಂಜಿಯಲ್ಲಿ. ಕಾರಂಜಿ ಮುಗಿದದ್ದು 1762ರಲ್ಲಿ, ಆದರೆ ಅದಕ್ಕೆ ಬರುವ ನೀರಿನ ಕಾಲುವೆ ಅಗ್ರಿಪ್ಪ ಕ್ರಿ.ಪೂ. 19ರಲ್ಲಿ ತಂದದ್ದು. ಎಲ್ಲರೂ ಬೆನ್ನು ತಿರುಗಿಸಿ ನಾಣ್ಯ ಎಸೆಯುತ್ತಿದ್ದರು. ಅಕ್ಕ ಎಸೆಯಲಿಲ್ಲ. ಅವಳು ಇತಿಹಾಸದ ಮೇಷ್ಟರ ಮಗಳು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗ್ರಿಪ್ಪನ ಮಾವ, ಚಕ್ರವರ್ತಿ ಆಗಸ್ಟಸನ ಬೆಳ್ಳಿ ನಾಣ್ಯ ಸಿಕ್ಕಿದ್ದು ಅವಳಿಗೆ ಗೊತ್ತು. "ವ್ಯಾಪಾರದಲ್ಲಿ ನಮ್ಮ ಕಡೆಗೆ ಬಂದದ್ದನ್ನು ವಾಪಸು ಕೊಡುವುದು ಯಾಕೆ?"

ಬೀದಿಬದಿಯ ನಲ್ಲಿಗಳನ್ನು ಮಾತ್ರ ಅವಳು ಬಿಡಲಿಲ್ಲ. ಬೀಡುಕಬ್ಬಿಣದ ಕಂಬಕ್ಕೆ ಬಾಗಿದ ಕೊಳವೆ. 'ನಸೋನೆ', ಅಂದರೆ ದೊಡ್ಡ ಮೂಗು. 1874ರಿಂದ ಇವೆ, ನೀರು ನಿಲ್ಲುವುದೇ ಇಲ್ಲ. ಕೊಳವೆಯ ಬಾಯಿಗೆ ಬೆರಳು ಒತ್ತಿದರೆ ಮೂಗಿನ ಮೇಲಿನ ಸಣ್ಣ ತೂತಿನಿಂದ ನೀರು ಚಿಮ್ಮಿ ನೇರ ಬಾಯಿಗೆ ಬರುತ್ತದೆ. ಅಕ್ಕ ಮೊದಲ ಸಲ ಕನ್ನಡಕ ತೋಯಿಸಿಕೊಂಡಳು, ಮೂರನೆಯ ಸಲಕ್ಕೆ ಜಪಾನಿನ ದಂಪತಿಗೆ ಹೇಳಿಕೊಡುತ್ತಿದ್ದಳು.

ಕೊನೆಯ ದಿನ ಅವೆಂಟೈನ್ ಗುಡ್ಡ ಹತ್ತಿದೆವು. ಕ್ರೈಸ್ತ ಯೋಧಸಂಘವಾದ ಮಾಲ್ಟಾ ನೈಟ್‌ಗಳ ಮಠದ ಹಸಿರು ಬಾಗಿಲಿನ ಬೀಗದ ಕಿಂಡಿಗೆ ಕಣ್ಣಿಟ್ಟರೆ, ಎರಡು ಕಡೆಯ ಗಿಡಗಳ ಓಣಿಯ ತುದಿಯಲ್ಲಿ ಸಂತ ಪೀಟರನ ಗುಮ್ಮಟ ಕೂತಿರುತ್ತದೆ. ಸರತಿಯಲ್ಲಿ ಮೂವತ್ತು ಜನರಿದ್ದರು. ಅಕ್ಕ ಮಂಡಿ ಹಿಡಿದುಕೊಂಡು ಬಗ್ಗಿದಳು, ಬಹಳ ಹೊತ್ತು ಏಳಲಿಲ್ಲ. ಹಿಂದಿನವರು ಕೆಮ್ಮತೊಡಗಿದರು.

"ಕಂಡಿತೇ?"

"ಅಂಗೈಯಲ್ಲಿ ಇಟ್ಟ ಹಾಗೆ."

ನನ್ನ ಸರದಿ ಬರುವ ಹೊತ್ತಿಗೆ ಮೋಡ ಇಳಿದಿತ್ತು. ಎಲೆಗಳು ಕಂಡವು, ಅದರಾಚೆ ಬರೀ ಬಿಳುಪು.