ಭಯ ಹೋದ ಮೇಲೆ ಕಂಡ ಎಡಿಎಚ್‌ಡಿ

ಆತಂಕದ ಮಾತ್ರೆ ಚೆನ್ನಾಗಿ ಕೆಲಸ ಮಾಡಿತು. ಎಡವಟ್ಟು ಶುರುವಾಗಿದ್ದೇ ಆಮೇಲೆ.

ಎಷ್ಟೋ ವರ್ಷ ನನಗಿರೋದು ಆತಂಕ, ಅದರ ಹಿಂದೆಯೇ ಆಗಾಗ ಬಂದು ಹೋಗುವ ಖಿನ್ನತೆ, ಅಷ್ಟೇ ಅಂದುಕೊಂಡಿದ್ದೆ. ಚಿಕಿತ್ಸೆ ಶುರುವಾಗಿ ಕೆಲವು ತಿಂಗಳಲ್ಲಿ ಎದೆ ಮೇಲಿನ ಭಾರ ಇಳಿಯಿತು, ನಿದ್ದೆ ಹತ್ತತೊಡಗಿತು. ಅದೇ ಹೊತ್ತಿಗೆ ಬಿಲ್ ಕಟ್ಟುವ ದಿನಗಳು ತಪ್ಪತೊಡಗಿದವು. ಮೊದಲೆಲ್ಲ ಬೀಗ ಹಾಕಿದ ಮೇಲೂ ಮತ್ತೆ ಮತ್ತೆ ಬಂದು ಎಳೆದು ನೋಡುತ್ತಿದ್ದವಳು ನಾನು. ಈಗ ಬೀಗವನ್ನೇ ಹಾಕದೆ, ಬೀಗದ ಕೈಯನ್ನು ಹೊರಗಡೆ ಬಾಗಿಲಲ್ಲೇ ಬಿಟ್ಟು, ಆರಾಮಾಗಿ ಕೆಲಸಕ್ಕೆ ಹೋಗಿಬಿಟ್ಟಿದ್ದೆ. ಆ ಆರಾಮೇ ವಿಚಿತ್ರ ಅನ್ನಿಸುತ್ತಿತ್ತು.

ಮುಂದಿನ ಸಲ ಮನೋವೈದ್ಯರ ಹತ್ತಿರ ಹೋದಾಗ ಇದನ್ನೆಲ್ಲ ನಗುತ್ತಲೇ ಹೇಳಿದೆ. ಅವರು ನಗಲಿಲ್ಲ. ಪೆನ್ನು ಕೆಳಗಿಟ್ಟು, "ಹಾಗಾದ್ರೆ ಇಷ್ಟು ದಿನ ಎಲ್ಲ ಹೇಗೆ ನೆನಪಿಟ್ಕೋತಿದ್ರಿ?" ಅಂತ ಕೇಳಿದರು.

"ಹೆದರ್ಕೊಂಡು" ಅಂದೆ. ಯೋಚನೆ ಮಾಡಿ ಕೊಟ್ಟ ಉತ್ತರ ಅಲ್ಲ ಅದು, ಸುಮ್ನೆ ಬಾಯಿಗೆ ಬಂತು. ಆದರೆ ನಿಜ. ಮರೆತರೆ ಏನಾಗುತ್ತೋ ಅನ್ನೋ ಭಯವೇ ನನ್ನ ಕ್ಯಾಲೆಂಡರ್, ನನ್ನ ಅಲಾರಂ ಎಲ್ಲ ಆಗಿತ್ತು. ಡೆಡ್‌ಲೈನ್ ಹಿಂದಿನ ರಾತ್ರಿ ಕೈಕಾಲು ತಣ್ಣಗಾಗುವವರೆಗೂ ಒಂದಕ್ಷರ ಬರೆಯುತ್ತಿರಲಿಲ್ಲ. ತಣ್ಣಗಾದ ಮೇಲೆ ಕೂತರೆ ಬೆಳಗಿನ ಜಾವಕ್ಕೆ ಎಲ್ಲ ಮುಗಿದಿರುತ್ತಿತ್ತು. ಜನ ಅದನ್ನು ಶ್ರದ್ಧೆ ಅನ್ನುತ್ತಿದ್ದರು!

ಅವತ್ತೇ ಅವರು ಎಡಿಎಚ್‌ಡಿ, ಅಂದ್ರೆ ಗಮನ ನಿಲ್ಲದ, ಚಡಪಡಿಕೆಯ ತೊಂದರೆ, ಇದೆಯಾ ಅಂತ ನೋಡೋಕೆ ಒಂದು ಫಾರಂ ಕೊಟ್ಟರು. ವಿಶ್ವ ಆರೋಗ್ಯ ಸಂಸ್ಥೆಯ ಜೊತೆ ಸೇರಿ ಮಾಡಿದ್ದು, ದೊಡ್ಡವರಿಗಾಗಿ, 18 ಪ್ರಶ್ನೆ. ಶುರುವಿನ 6 ಪ್ರಶ್ನೆ ಮುಖ್ಯವಾದವು. ಕೆಲಸದ ಕಷ್ಟದ ಭಾಗ ಮುಗಿದ ಮೇಲೆ ಕೊನೆಯ ಚೂರುಪಾರು ಮುಗಿಸೋಕೆ ಎಷ್ಟು ಸಲ ಕಷ್ಟವಾಗುತ್ತೆ ಅನ್ನೋದು ಮೊದಲನೇದು. ಅದನ್ನು ಓದಿ ನನ್ನ ಮನೆಗೆ ಯಾರೋ ಬಂದು ಇಣುಕಿ ಹೋದಂತೆ ಅನ್ನಿಸಿತು. ಆದರೆ ಫಾರಂ ಬರೀ ಸುಳಿವು ಕೊಡುತ್ತೆ, ಅದರಿಂದಲೇ ತೀರ್ಮಾನ ಆಗೋದಿಲ್ಲ ಅಂತ ಡಾಕ್ಟರ್ ಮೊದಲೇ ಹೇಳಿದ್ದರು.

ಯಾಕೆ ಆಗೋದಿಲ್ಲ ಅಂದ್ರೆ, ಗಮನ ನಿಲ್ಲದಿರೋದು ಖಿನ್ನತೆಯ ಲಕ್ಷಣಗಳಲ್ಲೂ ಇದೆ, ಆತಂಕದಲ್ಲೂ ಇದೆ, ಎಡಿಎಚ್‌ಡಿಯಲ್ಲಂತೂ ಇದ್ದೇ ಇದೆ. ಒಂದೇ ದೂರು, ಮೂರು ಕಡೆಯಿಂದ ಬರಬಹುದು. ಹಾಗಾಗಿ ಅವರು ನೋಡೋದು ಯಾವಾಗಿನಿಂದ ಅನ್ನೋದನ್ನ. ಖಿನ್ನತೆ ಬರುತ್ತೆ, ಹೋಗುತ್ತೆ. ಹೋದಾಗ ಗಮನವೂ ಮರಳಬೇಕು. ಎಡಿಎಚ್‌ಡಿ ಹಾಗಲ್ಲ, ಚಿಕ್ಕಂದಿನಿಂದಲೇ ಇರಬೇಕು. ಕೆಲವಾದರೂ ಲಕ್ಷಣ 7 ವರ್ಷದೊಳಗೆ ತೊಂದರೆ ಕೊಟ್ಟಿರಬೇಕು ಅಂತ ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂನಲ್ಲಿ ಮೊದಲು ಇತ್ತಂತೆ. 2013ರಲ್ಲಿ ಅದನ್ನು 12ಕ್ಕೆ ಏರಿಸಿದರು. ಗಲಾಟೆ ಮಾಡದೆ ಕಿಟಕಿ ಕಡೆ ನೋಡುತ್ತಾ ಕೂರುವ ನನ್ನಂಥ ಮಕ್ಕಳು ಆ ವಯಸ್ಸಿನಲ್ಲಿ ಯಾರ ಕಣ್ಣಿಗೆ ಬಿದ್ದಾರು ಹೇಳಿ?

ಚಿಕ್ಕಂದಿನ ವಿಷಯ ಹೇಳುವವರು ಯಾರಾದರೂ ಇದ್ದಾರಾ ಅಂದಾಗ ಅಮ್ಮನಿಗೆ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿದೆ. ಅಮ್ಮ ಮೊದಲು ನನ್ನ ಪರ ವಾದ ಮಾಡಿದರು. "ಅವಳಿಗೇನೂ ಇರ್ಲಿಲ್ಲ ಡಾಕ್ಟ್ರೇ, ತುಂಬಾ ಜಾಣೆ." ಆಮೇಲೆ ತಾನಾಗಿಯೇ, "ಹೋಂವರ್ಕ್ ಮಾತ್ರ ನಾನು ಪಕ್ಕದಲ್ಲಿ ಕೂತಿದ್ರೆ ಮಾಡೋಳು. ಹೇಳ್ಕೊಡೋದು ಬೇಕಿರ್ಲಿಲ್ಲ, ಕೂತಿದ್ರೆ ಸಾಕು. ನಾನೆದ್ರೆ ಅವಳೂ ಎದ್ಳು ಅಂತಾನೇ ಲೆಕ್ಕ" ಅಂದರು. ಡಾಕ್ಟರ್ ಅದನ್ನು ಬರೆದುಕೊಂಡರು. ಫೋನ್ ಇಡುವ ಮುಂಚೆ ಅಮ್ಮ ಮೆಲ್ಲಗೆ, "ಈಗ ಇದೂ ಬಂತಾ ಮಗಳೇ?" ಅಂದರು. ಇದು ಈಗ ಬಂದಿದ್ದಲ್ಲಮ್ಮ, ಇದೇ ಮೊದಲು ಬಂದಿದ್ದು ಅಂತ ಹೇಳೋಕೆ ಆಗ ನನಗೂ ಗೊತ್ತಿರಲಿಲ್ಲ.

ಇನ್ನೂ ಒಂದೆರಡು ಭೇಟಿ ಆದ ಮೇಲೆ ಎಡಿಎಚ್‌ಡಿ ಅನ್ನೋದು ಖಾತ್ರಿಯಾಯಿತು. ಆದ ತಕ್ಷಣ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಒಂದು ತೊಂದರೆ ಇದ್ದವರಿಗೆ ಒಂದು ಮಾತ್ರೆ. ನಮ್ಮಂಥವರಿಗೆ ಮಾತ್ರೆಗಳ ನಡುವಿನ ಸಂಬಂಧವನ್ನೂ ನೋಡಬೇಕು. ಎಡಿಎಚ್‌ಡಿಗೆ ಕೊಟ್ಟ ಮೀಥೈಲ್‌ಫೆನಿಡೇಟ್ ಮಾತ್ರೆ ತಗೊಂಡ ಮೊದಲ ದಿನ ಎದೆಬಡಿತ ಸ್ವಲ್ಪ ಜೋರಾಯಿತು. ಅದು ಮಾತ್ರೆಯ ಗೊತ್ತಿರುವ ಪರಿಣಾಮವೇ. ಆದರೆ ನನ್ನ ಹಳೇ ಆತಂಕಕ್ಕೆ ಅದೆಲ್ಲಾ ಎಲ್ಲಿ ಗೊತ್ತಾಗಬೇಕು? ಎದೆ ಹೊಡೆದುಕೊಂಡರೆ ಏನೋ ಅಪಾಯ ಅಂತಲೇ ಅದರ ಲೆಕ್ಕ, ಓಡಿ ಬಂತು. ಇನ್ನು ಬೇಗ ಇಳಿಯುವ ಬಗೆಯ ಮಾತ್ರೆ ಮೂರು ನಾಲ್ಕು ಗಂಟೆ ಇರುತ್ತೆ, ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ಮನಸ್ಸು ಧೊಪ್ಪನೆ ಕುಸಿಯುತ್ತಿತ್ತು, ಕಾರಣ ಇಲ್ಲದೆ ಅಳು ಬರುತ್ತಿತ್ತು. ಖಿನ್ನತೆ ವಾಪಸ್ ಬಂತು ಅಂತ ಗಾಬರಿಯಾದೆ. ಡಾಕ್ಟರ್ ಹೇಳಿದಂತೆ ಮಾತ್ರೆ ತಗೊಂಡ ಹೊತ್ತು, ಅಳು ಬಂದ ಹೊತ್ತು ಎರಡನ್ನೂ ಬರೆದಿಟ್ಟೆ. ಪಕ್ಕಪಕ್ಕ ಇಟ್ಟು ನೋಡಿದರೆ ಗಡಿಯಾರ ಇಟ್ಟುಕೊಂಡು ಬರುತ್ತಿದ್ದ ಅಳು ಅದು! ಸಂಜೆಯಾಗುವಷ್ಟರಲ್ಲಿ ತಾನಾಗೇ ಹೋಗುತ್ತಿತ್ತು. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಗೆ ಬದಲಾಯಿಸಿದ ಮೇಲೆ ಬಹಳ ಕಡಿಮೆಯಾಯಿತು.

ಎಡಿಎಚ್‌ಡಿಗೆ ಬೇರೆ ಔಷಧ ಕೊಡಿ ಅಂತ ಒಮ್ಮೆ ನಾನೇ ಕೇಳಿದ್ದೆ, ಅಟೊಮಾಕ್ಸೆಟಿನ್ ಅಂತ ಒಂದಿದೆಯಲ್ಲ, ಅದನ್ನ. ನಾನು ಆತಂಕಕ್ಕೆ ತಗೊಳ್ಳುವ ಪ್ಯಾರಾಕ್ಸೆಟಿನ್, ಈ ಅಟೊಮಾಕ್ಸೆಟಿನ್ ಕರಗಿಸುವ ಲಿವರ್‌ನ ಕಿಣ್ವವನ್ನೇ ತಡೆಯುತ್ತದಂತೆ. ಒಟ್ಟಿಗೆ ತಗೊಂಡರೆ ಅದು ರಕ್ತದಲ್ಲಿ ಜಾಸ್ತಿ ಸೇರಿಕೊಳ್ಳುತ್ತೆ, ಡೋಸ್ ತುಂಬಾ ಹುಷಾರಾಗಿ ಏರಿಸಬೇಕು. ಹಳೇ ಚೀಟಿಗಳನ್ನೆಲ್ಲ ಡಾಕ್ಟರ್ ಎದುರು ಹರಡಿ ಅಂತ ನಾನು ಎಲ್ಲರಿಗೂ ಹೇಳೋದು ಇದಕ್ಕೇ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸುವ ಅವರ ನಿಧಾನ ನನ್ನಂಥ ತಾಳ್ಮೆಗೆಟ್ಟವಳಿಗೆ ಶಿಕ್ಷೆಯೇ, ಆದರೂ ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ಹೇಗೆ ಗೊತ್ತಾಗಬೇಕು?

ಈಗ ಬಾಗಿಲ ಒಳಬದಿಗೆ ದಪ್ಪಕ್ಷರದ ಚೀಟಿ ಇದೆ. ಕೆಲಸ ಮಾಡುವಾಗ ಗೆಳತಿಯೊಬ್ಬಳು ವೀಡಿಯೊ ಕಾಲ್‌ನಲ್ಲಿ ತನ್ನ ಪಾಡಿಗೆ ತಾನು ಕೂತಿರುತ್ತಾಳೆ, ಅಮ್ಮ ಕೂರುತ್ತಿದ್ದ ಹಾಗೇ. ಇಷ್ಟಾದರೂ ಕೆಲವು ಬಿಲ್ ತಪ್ಪುತ್ತವೆ. ಹಿಂದಿನ ಆ ಭಯದಷ್ಟು ಚುರುಕಾದ ಅಲಾರಂ ನನಗೆ ಇನ್ನೂ ಸಿಕ್ಕಿಲ್ಲ. ಮೊನ್ನೆ ಡಾಕ್ಟರ್ ಆತಂಕದ ಮಾತ್ರೆ ಸ್ವಲ್ಪ ಇಳಿಸಿ ನೋಡೋಣವಾ ಅಂದರು. ಸದ್ಯಕ್ಕೆ ಬೇಡ ಡಾಕ್ಟ್ರೇ, ಬಿಲ್ಲಿಗೆ ದಂಡ ಕಟ್ಟಿಕೊಂಡೇ ಇರ್ತೀನಿ ಅಂದೆ.