ವಾನ್ಸೇ ದಂಡೆಯ ಮನೆಯಲ್ಲಿ ಮಾರ್ಥಾ

ಬರ್ಲಿನ್ನಿನ ವಾನ್ಸೇ ರೈಲು ನಿಲ್ದಾಣದಿಂದ 114ನೇ ನಂಬರಿನ ಬಸ್ ಹತ್ತಿದರೆ ಮ್ಯಾಕ್ಸ್ ಲೀಬರ್‌ಮನ್ ಅವರ ಮನೆಯ ಹತ್ತಿರವೇ ಇಳಿಯಬಹುದು. ಜರ್ಮನಿಯ ಇಂಪ್ರೆಷನಿಸ್ಟ್ ಚಿತ್ರಕಾರರಲ್ಲಿ, ಅಂದರೆ ಕಂಡ ಗಳಿಗೆಯ ಬೆಳಕನ್ನು ಬಣ್ಣದಲ್ಲಿ ಹಿಡಿಯುವವರಲ್ಲಿ, ಮೊದಲ ಸಾಲಿನವರು ಅವರು. 1909ರಲ್ಲಿ ವಾನ್ಸೇ ಸರೋವರದ ದಂಡೆಯಲ್ಲಿ ಜಾಗ ಕೊಂಡು ಈ ಬೇಸಿಗೆ ಮನೆ ಕಟ್ಟಿಸಿದರು. ಇದರ ತೋಟವನ್ನು ಇನ್ನೂರಕ್ಕೂ ಹೆಚ್ಚು ವರ್ಣಚಿತ್ರಗಳಲ್ಲಿ ಬರೆದರು. ದಾರಿಯ ನಡುವೆ ನಿಂತ ಬರ್ಚ್ ಮರಗಳನ್ನೂ ಕಡಿಯದೆ ಹಾಗೆಯೇ ಬಿಟ್ಟಿದ್ದಾರೆ. ನಡೆಯುವವರೇ ಮರವನ್ನು ಬಳಸಿ ಹೋಗಬೇಕು. ನನಗೆ ಅದು ಬಹಳ ಹಿಡಿಸಿತು.

ನಾವು ಹೋದದ್ದು ತೋಟ ನೋಡಲು. ಆದರೆ ಕಾಲು ನಿಂತದ್ದು ಒಳಗಡೆ, ಅಂಗೈಯಗಲದ ಒಂದು ಮಸಿಚಿತ್ರದ ಮುಂದೆ. ಕುರ್ಚಿಯಲ್ಲಿ ಕುಳಿತ ಹೆಂಗಸು, ಲೀಬರ್‌ಮನ್ ಅವರ ಪತ್ನಿ ಮಾರ್ಥಾ. ತಗ್ಗಿಸಿದ ರೆಪ್ಪೆ ಒಂದೇ ಎಳೆತ. ಗದ್ದದ ಕೆಳಗೆ ಟಾಕು ಒತ್ತಿ ಹೋಗಿ ಮಸಿ ದಪ್ಪವಾಗಿದೆ. ಭುಜಕ್ಕೆ ಬರುವಷ್ಟರಲ್ಲಿ ಅದೇ ಗೆರೆ ಒಣಗಿ, ಚೂರುಚೂರಾಗಿ ಮುಗಿದುಹೋಗಿದೆ. ಕೈಗಳನ್ನು ಬರೆದೇ ಇಲ್ಲ. ಬರಿಯ ಕಾಗದ. ಆದರೂ ಮಡಿಲಲ್ಲಿ ಕೈಯಿದೆ ಎಂದು ಕಣ್ಣು ಒಪ್ಪಿಕೊಳ್ಳುತ್ತದೆ. ಚಿತ್ರ ಬರೆಯುವುದೆಂದರೆ ಬಿಡುವುದು ಎಂಬ ಮಾತು ಲೀಬರ್‌ಮನ್ ಅವರ ಹೆಸರಿನಲ್ಲಿ ಪ್ರಸಿದ್ಧ. ಅದರ ಅರ್ಥ ನನಗೆ ಹೊಳೆದದ್ದು ಆ ಖಾಲಿ ಜಾಗದಲ್ಲಿ. ಬಣ್ಣದಲ್ಲಾದರೆ ತಪ್ಪಿದ್ದನ್ನು ಮುಚ್ಚಬಹುದು, ಮಸಿ ಕಾಗದಕ್ಕೆ ಇಳಿದ ಮೇಲೆ ಇಳಿದ ಹಾಗೆಯೇ.

"ಓದುತ್ತಿದ್ದಾರೋ, ತೂಕಡಿಸುತ್ತಿದ್ದಾರೋ?" ಎಂದೆ.

ನನ್ನ ಹೆಂಡತಿ ಬಾಗಿ ನೋಡಿದಳು. "ಎರಡೂ ಅಲ್ಲ. ಗಂಡ ತಮ್ಮ ಚಿತ್ರ ಬರೆಯುತ್ತಿರುವುದು ಇವರಿಗೆ ಗೊತ್ತಿದೆ ನೋಡಿ. ಗೊತ್ತಿದ್ದೂ ತಲೆ ಎತ್ತಿಲ್ಲ."

ಅವಳು ಕಂಡದ್ದೇ ಸರಿ ಎಂದು ಈಗಲೂ ನಂಬುತ್ತೇನೆ. ಮದುವೆಯಾದದ್ದು 1884ರಲ್ಲಿ. ಲೀಬರ್‌ಮನ್ ಆಕೆಯನ್ನು ಮತ್ತೆ ಮತ್ತೆ ಬರೆದಿದ್ದಾರೆ. ಗಂಡನ ಕಣ್ಣಿಗೆ ಅಷ್ಟು ಪಳಗಿದವರು ಮಾತ್ರ ಹೀಗೆ ತಮ್ಮ ಪಾಡಿಗೆ ತಾವು ಕುಳಿತಿರಬಲ್ಲರು.

ಮುಂದಿನದನ್ನು ಕೋಣೆಯಲ್ಲಿದ್ದ ಫಲಕಗಳಲ್ಲಿ ಓದಿದೆವು. ಲೀಬರ್‌ಮನ್ ಯಹೂದಿ. ಹಿಟ್ಲರನ ನಾತ್ಸಿಗಳು ಅಧಿಕಾರಕ್ಕೆ ಬಂದ 1933ರಲ್ಲಿ ಪ್ರಷ್ಯನ್ ಕಲಾ ಅಕಾಡೆಮಿಯನ್ನು ಬಿಟ್ಟರು, 1935ರಲ್ಲಿ ತೀರಿಕೊಂಡರು. 1940ರಲ್ಲಿ ಈ ಮನೆಯನ್ನು ಮಾರ್ಥಾ ಅವರಿಂದ ಬಲವಂತವಾಗಿ ಮಾರಿಸಿದರು. 1943ರ ಮಾರ್ಚ್‌ನಲ್ಲಿ ನಾತ್ಸಿಗಳ ಥೆರೆಸಿಯೆನ್‌ಷ್ಟಾಟ್ ಯಾತನಾ ಶಿಬಿರಕ್ಕೆ ಸಾಗಿಸುವ ಆಜ್ಞೆ ಬಂದಾಗ ಅವರು ನಿದ್ರೆಯ ಔಷಧಿ ನುಂಗಿದರು. ಕೆಲವು ದಿನಗಳ ನಂತರ ಪ್ರಾಣ ಹೋಯಿತು. ಆಗ ಅವರಿಗೆ 85 ವರ್ಷ.

ಇದನ್ನೆಲ್ಲ ಓದಿ ಮತ್ತೆ ಚಿತ್ರದ ಮುಂದೆ ಹೋಗಿ ನಿಂತೆ. ಆ ತಗ್ಗಿದ ರೆಪ್ಪೆಯಲ್ಲಿ ದುಃಖ ಕಾಣತೊಡಗಿತು. ನನ್ನನ್ನು ನಾನೇ ತಡೆದುಕೊಂಡೆ. ಗೆರೆ ಎಳೆದ ಗಳಿಗೆಯಲ್ಲಿ ಆ ದುಃಖ ಇರಲಿಲ್ಲ. ಅಂದು ಇದ್ದದ್ದು ಬಿಡುವಿನ ಹೊತ್ತು, ಒಂದು ಕುರ್ಚಿ, ಎದುರಿಗೆ ಗಂಡ. ಆ ನೆಮ್ಮದಿಯನ್ನು ಆಕೆಯಿಂದ ನಾನೂ ಕಿತ್ತುಕೊಳ್ಳಬಾರದು ಎನಿಸಿತು.

ಸಂಜೆ ನಗರದ ನಡುವಿನ ಪಾರೀಸರ್ ಪ್ಲಾಟ್ಸ್ ಚೌಕಕ್ಕೆ ಹೋದೆವು. ಬ್ರಾಂಡೆನ್‌ಬರ್ಗ್ ದ್ವಾರದ ಮಗ್ಗುಲಲ್ಲೇ ಲೀಬರ್‌ಮನ್ ದಂಪತಿಯ ನಗರದ ಮನೆಯಿತ್ತು. ಯುದ್ಧದಲ್ಲಿ ಹಾಳಾಗಿ, ಈಗ ಅದೇ ಜಾಗದಲ್ಲಿ ಹೊಸ ಕಟ್ಟಡವಿದೆ. ಅದರ ಮುಂದಿನ ಕಾಲುದಾರಿಯಲ್ಲಿ ಅಂಗೈಯಗಲದ್ದೇ ಹಿತ್ತಾಳೆ ಹೊದಿಸಿದ ಒಂದು ನೆನಪಿನ ಕಲ್ಲು ಹುದುಗಿಸಿದ್ದಾರೆ, ಮಾರ್ಥಾ ಅವರ ಹೆಸರಿನದು. ನನ್ನ ಹೆಂಡತಿ ಕುಕ್ಕರುಗಾಲಿನಲ್ಲಿ ಕುಳಿತು, ಅಕ್ಷರಗಳ ಮೇಲೆ ನಿಂತಿದ್ದ ಮಳೆನೀರನ್ನು ಸೆರಗಿನಿಂದ ಒರೆಸಿದಳು.